ಕನ್ನಡ ನಿಧಾನ ಅಂದವರೇ, ನಿಮ್ಮ ಗಡಿಯಾರ ಎಲ್ಲಿ?

"ಕನ್ನಡ ಹೆವಿ ಸಾರ್. ಅದಕ್ಕೇ ಮಿಷನ್ ಸ್ಲೋ ಆಗಿರೋದು."

2023ರ ಅಕ್ಟೋಬರ್ ಕೊನೇ ವಾರ ಈ ಮಾತನ್ನು ನನ್ನ ಪ್ರೆಸ್ಸಿನಲ್ಲಿ ಕೂತು, ನಾನೇ ತರಿಸಿಕೊಟ್ಟ ಕಾಫಿ ಕುಡಿಯುತ್ತಾ ಹೇಳಿದವನು ದೆಹಲಿಯವನಲ್ಲ, ಮುಂಬೈಯವನೂ ಅಲ್ಲ. ಅಪ್ಪಟ ಕನ್ನಡದವನೇ. ಕಂಪ್ಯೂಟರ್ ಮಾರುವವನು. ಹೊಸ ಮಿಷನ್ನಿಗೆ 72 ಸಾವಿರ ರೂಪಾಯಿಯ ಕೊಟೇಶನ್ ಜೇಬಿನಲ್ಲಿ ರೆಡಿ ಇತ್ತು. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಮಾರುವವನು ಮಾರಲೇಬೇಕು. ನನ್ನ ಸಿಟ್ಟು ನನ್ನ ಮೇಲೆ. ಇಪ್ಪತ್ತು ವರ್ಷದಿಂದ ಕನ್ನಡ ಅಚ್ಚು ಹಾಕಿ ಅನ್ನ ತಿನ್ನುತ್ತಿರುವ ನಾನು, ನವೆಂಬರ್ ಬಂದರೆ ಹೆಗಲಿಗೆ ಹಳದಿ-ಕೆಂಪು ಶಾಲು ಹಾಕಿಕೊಂಡು ಓಡಾಡುವ ನಾನು, ಆ ಮಾತಿಗೆ "ಹೌದಪ್ಪ, ಇರಬಹುದು" ಅಂತ ತಲೆ ಆಡಿಸಿಬಿಟ್ಟೆ!

"ಎಷ್ಟು ಹೆವಿ? ಅಳೆದು ನೋಡಿದ್ದೀಯಾ?" ಈ ಒಂದು ಪ್ರಶ್ನೆ ನನ್ನ ಬಾಯಿಗೆ ಬರಲಿಲ್ಲ. ಬಾರದೆ ಹೋದದ್ದರಿಂದ ಏನೇನು ಅನಾಹುತವಾಗುತ್ತಿತ್ತು, ಆಮೇಲೆ ಅಳೆದಾಗ ಏನು ಕಂಡಿತು, ಅದನ್ನು ನಿಮ್ಮ ಮುಂದೆ ಇಡುತ್ತೇನೆ. ನಾನು ಪಿಯುಸಿಗೇ ಓದು ಮುಗಿಸಿದವನು, ಇಂಜಿನಿಯರ್ ಅಲ್ಲ. ನನಗೆ ಅರ್ಥವಾದದ್ದು ನಿಮಗೆ ಆಗದೇ ಇರುವುದಿಲ್ಲ.

ಆದದ್ದು ಇಷ್ಟು

ನಮ್ಮದು ಚಾಮರಾಜಪೇಟೆಯ ಸಣ್ಣ ಪ್ರೆಸ್ಸು. ಒಂದು ಆಫ್‌ಸೆಟ್ ಮಿಷನ್, ಪ್ಲೇಟ್ ಮಾಡುವ ಒಂದು ಕೋಣೆ, ಡಿಟಿಪಿಗೆ ಎರಡು ಕಂಪ್ಯೂಟರ್. ಮೂಲೆಯಲ್ಲಿ ಒಂದು ಲಿನಕ್ಸ್ ಪೆಟ್ಟಿಗೆ. ಡಿಟಿಪಿಯಿಂದ ಬಂದ ಪುಟಗಳನ್ನು ಒಂದೊಂದಾಗಿ ಪಿಡಿಎಫ್ ಮಾಡಿ ಪ್ಲೇಟ್ ಕೋಣೆಯ ಸರ್ವರಿಗೆ ಕಳಿಸುವುದು ಅದರ ಕೆಲಸ. ಆ ವರ್ಷ ಆಗಸ್ಟಿನಲ್ಲಿ ಹಳೇ ಫಾಂಟುಗಳ ಸಹವಾಸ ಬಿಟ್ಟು ಯೂನಿಕೋಡಿಗೆ ಬಂದೆವು. ಬಂದದ್ದೇ ತಡ, ಗ್ರಹಚಾರ ಶುರುವಾಯಿತು ನೋಡಿ. 48 ಪುಟದ ಪುಸ್ತಕ, ಅಂದರೆ ಮೂರು ಫಾರಂ, ಹೊರಗೆ ಬರಲು ನಾಲ್ಕೂವರೆ ನಿಮಿಷ! ಒಂದು ಕೊಂಬು ತಿದ್ದಿದರೆ ಮತ್ತೆ ನಾಲ್ಕೂವರೆ ನಿಮಿಷ. ಒಂದು ದೀರ್ಘ ಹಾಕಿದರೆ ಮತ್ತೆ ನಾಲ್ಕೂವರೆ ನಿಮಿಷ. ರಾಜ್ಯೋತ್ಸವದ ಸೀಸನ್ನಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಹೀಗೆ ಬಾಯಿ ಬಿಟ್ಟುಕೊಂಡು ಕೂತಿರಬೇಕು.

"ಯೂನಿಕೋಡ್ ಬಂತು, ಮಿಷನ್ ಮಲಗಿತು" ಅಂತ ಪ್ರೆಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನನ್ನ ಬಾಯಲ್ಲೂ.

ಇದರ ಪರಿಣಾಮ ನೋಡಿ. ಒಂದು ಸಂಸ್ಥೆಯವರು ಸ್ಮರಣ ಸಂಚಿಕೆ ಕೊಟ್ಟಿದ್ದರು. ತಡವಾಗುತ್ತಿದೆ ಅಂದ ಕೂಡಲೇ ಅವರ ಕಾರ್ಯದರ್ಶಿ ಅಂದರು: "ಹಾಗಾದ್ರೆ ಕನ್ನಡ ಪುಟ ಅರ್ಧ ತೆಗೆದುಬಿಡಿ ಸಾರ್. ಇಂಗ್ಲಿಷ್ ಮ್ಯಾಟರ್ ನಾವೇ ಪಿಡಿಎಫ್ ಮಾಡಿ ಕಳಿಸ್ತೀವಿ. ಅದು ಒಂದು ನಿಮಿಷಕ್ಕೆ ಹೋಗುತ್ತಲ್ಲ!" ಹೋಗುತ್ತಿತ್ತು, ನಿಜ. ಇಪ್ಪತ್ತನಾಲ್ಕು ಪುಟ ಕನ್ನಡ ಕಸದ ಬುಟ್ಟಿಗೆ ಹೋಗಲು ಯಾವ ಸರ್ಕಾರದ ಆದೇಶವೂ ಬೇಕಾಗಿರಲಿಲ್ಲ. "ಕನ್ನಡ ನಿಧಾನ" ಅನ್ನುವ ಒಂದು ಬಾಯಿಮಾತು ಸಾಕಾಗಿತ್ತು.

ಇನ್ನೊಂದು ಇದಕ್ಕಿಂತ ನಾಚಿಕೆಯದು. ನಮ್ಮ ಡಿಟಿಪಿ ಹುಡುಗಿ ಸ್ಕ್ರೀನ್ ನೋಡುತ್ತಾ ಸುಮ್ಮನೆ ಕೂತಿದ್ದನ್ನು ಕಂಡು ರೇಗಿದೆ. "ಏನಮ್ಮಾ, ಕೈ ಕಟ್ಟಿಕೊಂಡು ಕೂತರೆ ಸಂಬಳ ಎಲ್ಲಿಂದ ಬರುತ್ತೆ?" ಅಂದೆ. "ಇಲ್ಲ ಸಾರ್, ಬಟನ್ ಒತ್ತಿ ಕಾಯ್ತಾ ಇದೀನಿ" ಅಂದಳು. ನಾನು ನಂಬಲಿಲ್ಲ. ಮಾರನೇ ದಿನ ಬಂದವಳು, "ತಿಂಗಳ ಕೊನೆಗೆ ಕೆಲಸ ಬಿಡ್ತೀನಿ ಸಾರ್" ಅಂದಳು. ಕಣ್ಣು ಕೆಂಪಾಗಿತ್ತು.

ಆ ಶನಿವಾರ ಕರಪತ್ರದ ಪ್ರೂಫ್ ನೋಡಲು ನಮ್ಮ ಸಂಘದ ಒಬ್ಬ ಹುಡುಗ ಬಂದ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಬಿಡುವಿದ್ದಾಗ ಸಂಘದ ಕೆಲಸ. ನನ್ನ ಗೋಳನ್ನೆಲ್ಲ ಕೇಳಿ ಅವನು ಕೇಳಿದ್ದು ಎರಡೇ ಪದ: "ಅಣ್ಣಾ, ಅಳೆದಿದ್ದೀರಾ?"

ಮೂರು ಗಡಿಯಾರ

ಕಂಪ್ಯೂಟರಿನಲ್ಲಿ ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡಲು ಲಿನಕ್ಸಿನಲ್ಲಿ ಒಂದು ಹಳೇ ಆಜ್ಞೆ ಇದೆ. ಅದರ ಹೆಸರೇ 'ಟೈಮ್'. ಯಾವ ಆಜ್ಞೆಯನ್ನು ಅಳೆಯಬೇಕೋ ಅದರ ಮುಂದೆ ಈ ಪದ ಸೇರಿಸಿದರೆ ಆಯಿತು. ಕೆಲಸ ಮುಗಿದ ಮೇಲೆ ಮೂರು ಲೆಕ್ಕ ಬರೆದುಕೊಡುತ್ತದೆ: ರಿಯಲ್, ಯೂಸರ್, ಸಿಸ್.

ಪ್ರೆಸ್ಸಿನ ಭಾಷೆಯಲ್ಲೇ ಹೇಳುತ್ತೇನೆ. ಗಿರಾಕಿ ಬಾಗಿಲಲ್ಲಿ ನಿಂತು ಕಾದ ಒಟ್ಟು ಹೊತ್ತು ರಿಯಲ್. ಕೆಲಸಗಾರ ತನ್ನ ಕೈಯಾರೆ ದುಡಿದ ಹೊತ್ತು ಯೂಸರ್. ಅವನಿಗೆ ಬೇಕಾದ ಕಾಗದ, ಇಂಕು ತೆಗೆದುಕೊಡಲು ಉಗ್ರಾಣದವನು ದುಡಿದ ಹೊತ್ತು ಸಿಸ್. ಕಂಪ್ಯೂಟರಿನಲ್ಲಿ ಈ ಉಗ್ರಾಣದವನೇ ಕರ್ನಲ್. ಯಾವ ಪ್ರೋಗ್ರಾಮೂ ಡಿಸ್ಕನ್ನಾಗಲಿ ನೆಟ್‌ವರ್ಕನ್ನಾಗಲಿ ತಾನೇ ಮುಟ್ಟುವಂತಿಲ್ಲ. ಕರ್ನಲ್ಲಿಗೆ ಅರ್ಜಿ ಹಾಕಬೇಕು. ಆ ಅರ್ಜಿಗೆ ಸಿಸ್ಟಂ ಕಾಲ್ ಅನ್ನುತ್ತಾರೆ.

ಹುಡುಗ ನಮ್ಮ 48 ಪುಟದ ಕೆಲಸವನ್ನು ಹೀಗೆ ಓಡಿಸಿದ. ಒಂದು ಸಲವಲ್ಲ, ಐದು ಸಲ. ಮೊದಲ ಸಲ ಫೈಲುಗಳು ಡಿಸ್ಕಿನಿಂದ ಬರುತ್ತವೆ, ಆಮೇಲೆ ಕರ್ನಲ್ ಅವನ್ನು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ, ಆದ್ದರಿಂದ ಒಂದೇ ಓಟ ನಂಬಬಾರದು ಅಂದ. ನಡುವಿನ ಲೆಕ್ಕ ಬಂದದ್ದು ಹೀಗೆ: ರಿಯಲ್ 4 ನಿಮಿಷ 38 ಸೆಕೆಂಡು. ಯೂಸರ್ 31 ಸೆಕೆಂಡು. ಸಿಸ್ 4 ಸೆಕೆಂಡು.

ಕೂಡಿಸಿ ನೋಡಿ. 31 ಮತ್ತು 4, ಒಟ್ಟು 35 ಸೆಕೆಂಡು. ಗಿರಾಕಿ ಕಾದದ್ದು 278 ಸೆಕೆಂಡು. ಉಳಿದ 243 ಸೆಕೆಂಡು ಎಲ್ಲಿ ಹೋಯಿತು?

"ಯಾರೂ ಕೆಲಸ ಮಾಡಿಲ್ಲ ಅಣ್ಣಾ. ನಾಲ್ಕು ನಿಮಿಷ ಎಲ್ಲರೂ ಯಾವುದಕ್ಕೋ ಕಾಯ್ತಾ ನಿಂತಿದ್ದಾರೆ. ಕನ್ನಡದ ಅಕ್ಷರ ಜೋಡಿಸೋ ಕೆಲಸ ಪೂರ್ತಿ ಆ 31 ಸೆಕೆಂಡಿನ ಒಳಗೇ ಇದೆ. ಹೊಸ ಮಿಷನ್ ತಂದರೆ ಆ 31 ಸೆಕೆಂಡು 20 ಆಗಬಹುದು. 243 ಹಾಗೇ ಇರುತ್ತೆ."

72 ಸಾವಿರ ಕೊಟ್ಟು ಹನ್ನೊಂದು ಸೆಕೆಂಡು! ಆ ಕೊಟೇಶನ್ ಚೀಟಿ ಇನ್ನೂ ನನ್ನ ಡ್ರಾಯರಿನಲ್ಲಿದೆ.

(ಒಂದು ಎಚ್ಚರಿಕೆ. ಪ್ರೋಗ್ರಾಮು ಒಂದೇ ಸಲಕ್ಕೆ ಹಲವು ಕೋರುಗಳಲ್ಲಿ ಓಡುತ್ತಿದ್ದರೆ ಯೂಸರ್ ಲೆಕ್ಕ ರಿಯಲ್‌ಗಿಂತ ಜಾಸ್ತಿಯೂ ಬರಬಹುದು. ನಾಲ್ಕು ಜನ ಒಟ್ಟಿಗೆ ಒಂದು ಗಂಟೆ ದುಡಿದರೆ ನಾಲ್ಕು ಗಂಟೆ ದುಡಿಮೆ ಆಗುವುದಿಲ್ಲವೇ, ಹಾಗೆ. ನಮ್ಮದು ಒಂದು ಪುಟ ಮುಗಿದ ಮೇಲೆ ಇನ್ನೊಂದು ಪುಟ, ಆದ್ದರಿಂದ ಈ ಕಳೆಯುವ ಲೆಕ್ಕ ಸರಿ.)

ನನಗೆ ತಟ್ಟನೆ ನೆನಪಾದದ್ದು ನಮ್ಮಪ್ಪ. 1990ರ ಸುಮಾರು. ಆಗ ನಮ್ಮಲ್ಲಿ ಮೊಳೆ ಜೋಡಿಸುವ ಕಾಲ. ಒಬ್ಬ ಕಂಪಾಸಿಟರನನ್ನು ಎಲ್ಲರೂ ಸೋಮಾರಿ ಅನ್ನುತ್ತಿದ್ದರು. ಅಪ್ಪ ಬೈಯಲಿಲ್ಲ. ಕೈಯ ಎಚ್‌ಎಂಟಿ ವಾಚು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಒಂದು ಬೆಳಗ್ಗೆ ಪೂರ್ತಿ ಅವನ ಎದುರಿಗೆ ಸ್ಟೂಲು ಹಾಕಿಕೊಂಡು ಕೂತರು. ಮಧ್ಯಾಹ್ನ ಊಟಕ್ಕೆ ಏಳುವಾಗ ಅವರಿಗೆ ವಿಷಯ ಗೊತ್ತಾಗಿತ್ತು. ಒತ್ತಕ್ಷರದ ಮೊಳೆಗಳಿದ್ದ ಕೇಸು ಎದುರು ಗೋಡೆಯ ಹತ್ತಿರ ಇತ್ತು! ಒಂದೊಂದು ಒತ್ತಿಗೂ ಆ ಮನುಷ್ಯ ಎದ್ದು ನಡೆಯುತ್ತಿದ್ದ. ಕೇಸನ್ನು ಪಕ್ಕಕ್ಕೆ ತಂದಿಟ್ಟರು. ಅವನ ಸೋಮಾರಿತನ ಅವತ್ತೇ ಹೋಯಿತು.

ಅಪ್ಪ ಓದಿದ್ದು ಎಂಟನೇ ಕ್ಲಾಸು. ಅವರಿಗಿದ್ದ ಬುದ್ಧಿ ನನಗಿರಲಿಲ್ಲ.

ಅರ್ಜಿಯ ಬೆನ್ನು ಹತ್ತಿ

'ಟೈಮ್' ಆಜ್ಞೆ ಕಾಯುವಿಕೆ ಇದೆ ಅಂತ ಹೇಳುತ್ತದೆ. ಯಾರಿಗಾಗಿ ಅಂತ ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ಟ್ರೇಸಿಂಗ್, ಅಂದರೆ ಹೆಜ್ಜೆಗುರುತು ಹಿಡಿಯುವುದು.

ಹುಡುಗ ತೆಗೆದದ್ದು 'ಎಸ್‌ಟ್ರೇಸ್' ಅನ್ನುವ ಉಪಕರಣ. 1991ರಲ್ಲಿ ಸನ್ ಕಂಪನಿಯ ಯಂತ್ರಗಳಿಗಾಗಿ ಪಾಲ್ ಕ್ರಾನೆನ್‌ಬರ್ಗ್ ಬರೆದದ್ದು. ಆಮೇಲೆ ಲಿನಕ್ಸಿಗೆ ಬಂತು. ಇವತ್ತಿಗೂ ಪುಕ್ಕಟೆ, ಮೂಲ ಬರಹ ಸಮೇತ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಪ್ರೋಗ್ರಾಮು ಕರ್ನಲ್ಲಿಗೆ ಹಾಕುವ ಪ್ರತಿಯೊಂದು ಅರ್ಜಿಯನ್ನೂ ಇದು ಬರೆದಿಡುತ್ತದೆ. ಯಾವ ಫೈಲು ಕೇಳಿದ, ಸಿಕ್ಕಿತೋ ಇಲ್ಲವೋ, ಉತ್ತರ ಬರಲು ಎಷ್ಟು ಹೊತ್ತಾಯಿತು, ಎಲ್ಲ.

ನಾನೇ ಕೀಬೋರ್ಡ್ ಮುಂದೆ ಕೂತೆ. ಮೊದಲ ಸಲ ಎಡವಿದೆ. ಬರೀ ಎಸ್‌ಟ್ರೇಸ್ ಹಾಕಿದರೆ ಕಂಡದ್ದು ಒಂದೇ ಸಾಲು ಮತ್ತೆ ಮತ್ತೆ: 'ವೇಟ್4', ಅಂದರೆ "ಮಕ್ಕಳಿಗಾಗಿ ಕಾಯುತ್ತಿದ್ದೇನೆ". ನಮ್ಮ ಕೆಲಸದಲ್ಲಿ ಒಂದು ಮುಖ್ಯ ಪ್ರೋಸೆಸ್ಸು ಇದೆ, ಅದು ಒಂದೊಂದು ಪುಟಕ್ಕೂ ಒಂದು ಹೊಸ ಪ್ರೋಸೆಸ್ಸನ್ನು ಹುಟ್ಟಿಸುತ್ತದೆ. ನಾನು ಮೇಸ್ತ್ರಿಯನ್ನು ಮಾತ್ರ ನೋಡುತ್ತಿದ್ದೆ, ಕೂಲಿಯವರನ್ನು ನೋಡಿರಲಿಲ್ಲ! 'ಮೈನಸ್ ಎಫ್' ಅಂತ ಸೇರಿಸಿದರೆ ಹುಟ್ಟುವ ಮಕ್ಕಳ ಬೆನ್ನನ್ನೂ ಹತ್ತುತ್ತದೆ.

ಎರಡನೇ ಸಲವೂ ಎಡವಿದೆ. 'ಮೈನಸ್ ಸಿ' ಹಾಕಿದರೆ ಎಲ್ಲ ಅರ್ಜಿಗಳ ಮೊತ್ತ ಒಂದು ಪಟ್ಟಿಯಾಗಿ ಬರುತ್ತದೆ. ಬಂತು. ಅದರಲ್ಲಿ ನಾಲ್ಕು ನಿಮಿಷದ ಸುಳಿವೇ ಇಲ್ಲ! ಎಲ್ಲ ಚಿಲ್ಲರೆ. ಕಾರಣವೇನೆಂದರೆ, ಆ ಪಟ್ಟಿ ಕರ್ನಲ್ ದುಡಿದ ಹೊತ್ತನ್ನು ಮಾತ್ರ ಎಣಿಸುತ್ತದೆ, ನಿಂತು ಕಾದ ಹೊತ್ತನ್ನು ಎಣಿಸುವುದಿಲ್ಲ. ಗೋಡೆ ಗಡಿಯಾರದ ಲೆಕ್ಕ ಬೇಕಾದರೆ ಜೊತೆಗೆ 'ಮೈನಸ್ ಡಬ್ಲ್ಯೂ' ಹಾಕಬೇಕು. ಇದು ಗೊತ್ತಿಲ್ಲದೆ ಎಷ್ಟು ಜನ ತಪ್ಪು ತೀರ್ಮಾನ ಮಾಡಿದ್ದಾರೋ ದೇವರಿಗೇ ಗೊತ್ತು. ಅಳೆಯುವುದಷ್ಟೇ ಸಾಲದು ಗೆಳೆಯರೇ, ಏನನ್ನು ಅಳೆಯುತ್ತಿದ್ದೇವೆ ಅನ್ನುವುದೂ ಗೊತ್ತಿರಬೇಕು.

ಮೂರನೇ ಸಲ ಕಳ್ಳ ಸಿಕ್ಕ. ಪಟ್ಟಿಯ ತಲೆಯಲ್ಲಿ ಮೇಸ್ತ್ರಿಯ 'ವೇಟ್4', ಅದನ್ನು ಬಿಡಿ. ಅದರ ಕೆಳಗೇ 'ಪೋಲ್' ಅನ್ನುವ ಅರ್ಜಿ. ಸುಮಾರು 240 ಸೆಕೆಂಡು! ಒಂದೊಂದು ಅರ್ಜಿಗೆ ಹಿಡಿದ ಹೊತ್ತು ತೋರಿಸುವ 'ಮೈನಸ್ ದೊಡ್ಡ ಟಿ' ಹಾಕಿ ಬಿಡಿಸಿ ನೋಡಿದರೆ ಪ್ರತಿ ಪುಟಕ್ಕೂ ಒಂದೊಂದು ಪೋಲ್, ಪ್ರತಿಯೊಂದೂ ಸರಿಯಾಗಿ 5 ಸೆಕೆಂಡು, ಪ್ರತಿಯೊಂದರ ಮುಂದೂ ಒಂದೇ ಷರಾ: ಟೈಮ್‌ಔಟ್. ಉತ್ತರ ಬರಲಿಲ್ಲ. 48 ಪುಟ, ತಲಾ 5 ಸೆಕೆಂಡು, 240 ಸೆಕೆಂಡು. ಲೆಕ್ಕ ತಾಳೆಯಾಯಿತು.

ಯಾರ ಉತ್ತರಕ್ಕಾಗಿ? ಅದರ ಹಿಂದಿನ ಸಾಲಿನಲ್ಲೇ ವಿಳಾಸ ಇತ್ತು. ಪುಟವನ್ನು ಕಳಿಸುವ ಮೊದಲು "ಪ್ಲೇಟ್ ಕೋಣೆಯ ಸರ್ವರ್ ಎಲ್ಲಿದೆ?" ಅಂತ ಹೆಸರು ಹೇಳಿ ವಿಳಾಸ ಕೊಡುವ ಒಂದು ನೇಮ್ ಸರ್ವರನ್ನು ಕೇಳಬೇಕು. ನಮ್ಮ ಪೆಟ್ಟಿಗೆಯಲ್ಲಿ ಅಂಥ ಎರಡು ವಿಳಾಸ ಬರೆದಿತ್ತು. ಮೊದಲನೆಯದು ಸತ್ತುಹೋಗಿತ್ತು. ಲಿನಕ್ಸಿನ ರೂಢಿ ಏನೆಂದರೆ, ಬೇರೆ ಏನೂ ಹೇಳಿರದಿದ್ದರೆ, ಮೊದಲನೆಯವನ ಉತ್ತರಕ್ಕೆ 5 ಸೆಕೆಂಡು ಕಾದು ಆಮೇಲೆ ಎರಡನೆಯವನನ್ನು ಕೇಳುವುದು. ಒಂದೊಂದು ಪುಟಕ್ಕೂ ಹೊಸ ಪ್ರೋಸೆಸ್ಸು ಹುಟ್ಟುವುದರಿಂದ ಹಿಂದಿನದು ಕಲಿತ ಪಾಠ ಮುಂದಿನದಕ್ಕೆ ಗೊತ್ತಿಲ್ಲ. ನಲವತ್ತೆಂಟು ಸಲವೂ ಸತ್ತವನ ಮನೆ ಬಾಗಿಲು ತಟ್ಟಿ, ಐದು ಸೆಕೆಂಡು ನಿಂತು, ಪಕ್ಕದ ಮನೆಗೆ ಹೋಗುತ್ತಿತ್ತು!

ಆ ಮೊದಲನೆಯವನು ಸತ್ತದ್ದು ಯಾವಾಗ? ಅದೇ ಆಗಸ್ಟಿನಲ್ಲಿ. ಯೂನಿಕೋಡಿಗೆ ಬಂದ ವಾರದಲ್ಲೇ ನಾವು ಇಂಟರ್ನೆಟ್ ಕನೆಕ್ಷನ್ನೂ ಬದಲಾಯಿಸಿದ್ದೆವು. ಹಳೇ ಡಬ್ಬಿ ಹೋಯಿತು, ಅದರ ವಿಳಾಸ ಫೈಲಿನಲ್ಲಿ ಉಳಿಯಿತು. ಡಬ್ಬಿ ತೆಗೆದದ್ದು ಯಾರಿಗೂ ನೆನಪಿರಲಿಲ್ಲ. ಯೂನಿಕೋಡ್ ಬಂದದ್ದು ಮಾತ್ರ ಎಲ್ಲರಿಗೂ ನೆನಪಿತ್ತು. ಕಾಗೆ ಕೂತಿತು, ಕೊಂಬೆ ಮುರಿಯಿತು. ಬೈಗುಳ ಕನ್ನಡಕ್ಕೆ.

ಒಂದು ಸಾಲು ಅಳಿಸಿದೆವು. ಮತ್ತೆ ಓಡಿಸಿದರೆ 38 ಸೆಕೆಂಡು.

ಇಂಗ್ಲಿಷನ್ನೂ ಅದೇ ತಕ್ಕಡಿಗೆ ಹಾಕಿ

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಶಿಳ್ಳೆ ಹೊಡೆದು ಮನೆಗೆ ಹೋಗುತ್ತಿದ್ದೆ. ಹುಡುಗ ಬಿಡಲಿಲ್ಲ. "ಇಂಗ್ಲಿಷ್ ಒಂದು ನಿಮಿಷಕ್ಕೆ ಹೋಗ್ತಿತ್ತು ಅಂದ್ರಲ್ಲ, ಅದನ್ನೂ ನೋಡೋಣ" ಅಂದ.

ನೋಡಿದರೆ ಆ ಇಂಗ್ಲಿಷ್ ಪುಟಗಳು ಗಿರಾಕಿಯ ಮನೆಯಲ್ಲೇ ಪಿಡಿಎಫ್ ಆಗಿ ಬರುತ್ತಿದ್ದವು. ನಮ್ಮ ಲಿನಕ್ಸ್ ಪೆಟ್ಟಿಗೆಯನ್ನು ಮುಟ್ಟದೆ ನೇರ ಪ್ಲೇಟ್ ಕೋಣೆಗೆ ಹೋಗುತ್ತಿದ್ದವು. ಅಕ್ಕಿ ತೊಳೆದು ಅನ್ನ ಮಾಡುವವಳಿಗೂ ಅನ್ನವನ್ನು ತಟ್ಟೆಗೆ ಬಡಿಸುವವಳಿಗೂ ಓಟದ ಪಂದ್ಯ ಇಟ್ಟಂತೆ! ಸರಿಯಾದ ಪಂದ್ಯ ಇಡೋಣ ಅಂತ ಅಷ್ಟೇ ಪುಟದ, ಅಷ್ಟೇ ಮ್ಯಾಟರಿನ ಇಂಗ್ಲಿಷ್ ಪುಸ್ತಕವನ್ನು ಅದೇ ಪೆಟ್ಟಿಗೆಯಲ್ಲಿ, ಅಳಿಸಿದ ಸಾಲನ್ನು ವಾಪಸ್ ಹಾಕಿ ಓಡಿಸಿದೆವು. 4 ನಿಮಿಷ 31 ಸೆಕೆಂಡು. ಸಾಲು ಅಳಿಸಿ ಓಡಿಸಿದರೆ 31 ಸೆಕೆಂಡು.

ಅಂದರೆ ಕನ್ನಡಕ್ಕೂ ಇಂಗ್ಲಿಷಿಗೂ ವ್ಯತ್ಯಾಸ 48 ಪುಟಕ್ಕೆ ಒಟ್ಟು 7 ಸೆಕೆಂಡು. ಇದನ್ನು ಮುಚ್ಚಿಡಬೇಕಾಗಿಲ್ಲ. ಅದು ಯಾಕೆ ಅಂತಲೂ ತಿಳಿಯೋಣ.

ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಪಟ್ಟಿ ಇದೆ. ಫೈಲಿನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಆ ಒಂದೊಂದು ಸಂಕೇತಕ್ಕೂ 3 ಬೈಟು, ಇಂಗ್ಲಿಷ್ ಅಕ್ಷರಕ್ಕೆ 1 ಬೈಟು. 'ಕರ್ನಾಟಕ' ಅನ್ನುವ ಪದದಲ್ಲಿ ಕ, ರ, ವಿರಾಮದ ಗುರುತು, ನ, ದೀರ್ಘ, ಟ, ಕ ಹೀಗೆ 7 ಸಂಕೇತ, 21 ಬೈಟು. "ನೋಡಿದ್ರಾ, ಮೂರು ಪಟ್ಟು!" ಅಂತ ಕುಣಿಯುವವರು ಇದ್ದಾರೆ. ಕುಣಿಯಲಿ. ಪುಟಕ್ಕೆ 1,500 ಸಂಕೇತ ಅಂತ ಹಿಡಿದರೂ 48 ಪುಟಕ್ಕೆ 72 ಸಾವಿರ; ಬೈಟಿನಲ್ಲಿ 2 ಲಕ್ಷದ 16 ಸಾವಿರ. ಅದೇ ಪುಸ್ತಕದ ಮುಖಪುಟದ ಒಂದು ಬಣ್ಣದ ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಫೋಟೋ ಹೆವಿ ಅಂತ ಯಾರಾದರೂ ಸಚಿವರ ಫೋಟೋ ತೆಗೆದುಹಾಕಿದ್ದನ್ನು ನೋಡಿದ್ದೀರಾ?

ಇನ್ನೊಂದು, ಅಕ್ಷರ ಜೋಡಿಸುವ ಕೆಲಸ. 'ರ್ನಾ' ಬರೆಯುವಾಗ ರ ಮೊದಲು ಟೈಪಾಗುತ್ತದೆ, ಆದರೆ ಅರ್ಕಾವತ್ತು ಕಾಣಿಸಬೇಕಾದದ್ದು ನ ಅಕ್ಷರದ ನಂತರ. ಒತ್ತಕ್ಷರ ಕೆಳಗಿಳಿಯಬೇಕು, ಗುಣಿತ ಕೂಡಬೇಕು. ಹಾರ್ಫ್‌ಬಜ್ ಅನ್ನುವ ತಂತ್ರಾಂಶ ಈ ಕೆಲಸ ಮಾಡುತ್ತದೆ. ನಮ್ಮಪ್ಪನ ಕಂಪಾಸಿಟರ್ ಮಾಡುತ್ತಿದ್ದುದೂ ಇದನ್ನೇ. ಅದಕ್ಕೆ ಒಂದಿಷ್ಟು ಹೆಚ್ಚು ದುಡಿಮೆ ಬೇಕು, ನಿಜ. ಅದರ ಬೆಲೆ ನಮ್ಮ ಪೆಟ್ಟಿಗೆಯಲ್ಲಿ ಪುಟಕ್ಕೆ ಒಂದು ಸೆಕೆಂಡಿನ ಏಳನೇ ಒಂದು ಭಾಗ. ಈ ಏಳನೇ ಒಂದು ಭಾಗಕ್ಕಾಗಿ ಇಪ್ಪತ್ತನಾಲ್ಕು ಪುಟ ಕನ್ನಡ ಕಿತ್ತುಹಾಕಲು ಹೊರಟಿದ್ದೆವು!

ಅಳೆಯುವ ಕೋಲಿಗೂ ತೂಕ ಇದೆ

ಎಸ್‌ಟ್ರೇಸ್ ಸಿಕ್ಕಿತು ಅಂತ ಅದನ್ನೇ ದೇವರು ಮಾಡಬೇಡಿ. ಅದು ಪ್ರೋಗ್ರಾಮನ್ನು ಪ್ರತಿ ಅರ್ಜಿಗೆ ಎರಡು ಸಲ ತಡೆದು ನಿಲ್ಲಿಸುತ್ತದೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಕೆಲಸಗಾರನನ್ನು ಹೆಜ್ಜೆಗೊಮ್ಮೆ ನಿಲ್ಲಿಸಿ "ಎಲ್ಲಿಗೆ? ಯಾಕೆ?" ಅಂತ ಕೇಳಿದರೆ ಅವನ ಕೆಲಸವೂ ನಿಧಾನವಾಗುತ್ತದಲ್ಲವೇ? ಬ್ರೆಂಡನ್ ಗ್ರೆಗ್ ಅನ್ನುವ ಪರಿಣತ, ಬರೀ ಅರ್ಜಿ ಹಾಕುವುದನ್ನೇ ಕಸುಬು ಮಾಡಿಕೊಂಡ ಒಂದು ಪ್ರೋಗ್ರಾಮು ಎಸ್‌ಟ್ರೇಸ್ ಕೆಳಗೆ 400 ಪಟ್ಟಿಗೂ ಹೆಚ್ಚು ನಿಧಾನವಾದದ್ದನ್ನು 2014ರಲ್ಲಿ ತೋರಿಸಿದ್ದರು. ಆದ್ದರಿಂದ ಒಟ್ಟು ಹೊತ್ತಿಗೆ 'ಟೈಮ್', ಕಳ್ಳನನ್ನು ಹಿಡಿಯಲು ಎಸ್‌ಟ್ರೇಸ್. ಎರಡನ್ನೂ ಕಲಸಬಾರದು. ಜನ ಕಾಯುತ್ತಿರುವ ದೊಡ್ಡ ಸರ್ವರಿನ ಮೇಲೆ ಎಸ್‌ಟ್ರೇಸ್ ಹಾಕುವ ಮುಂಚೆ ಹತ್ತು ಸಲ ಯೋಚಿಸಬೇಕು.

ಅಂಥ ಕಡೆಗೆ ಬೇರೆ ಉಪಕರಣ ಇವೆ. 2005ರಲ್ಲಿ ಸನ್ ಕಂಪನಿಯ ಸೊಲಾರಿಸ್ 10 ಜೊತೆ ಡಿಟ್ರೇಸ್ ಬಂತು. ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ ಒಳಗೆ ಇಣುಕುವ ದಾರಿ ತೋರಿಸಿತು. ಲಿನಕ್ಸಿನಲ್ಲಿ 2008ರಲ್ಲಿ ಎಫ್‌ಟ್ರೇಸ್, 2009ರಲ್ಲಿ ಪರ್ಫ್ ಬಂದವು. ಇವು ಕರ್ನಲ್ಲಿನ ಒಳಗೇ ಕೂತು ಮುದ್ರೆ ಒತ್ತುತ್ತಾ ಹೋಗುತ್ತವೆ, ಹೊರೆ ಬಹಳ ಕಡಿಮೆ. ಒಂದು ಪ್ರೋಸೆಸ್ಸು ಹೊಸ ಪ್ರೋಗ್ರಾಮನ್ನು ಶುರುಮಾಡಿದ ಗಳಿಗೆ ಒಂದು ಮುದ್ರೆ, ಸತ್ತ ಗಳಿಗೆ ಒಂದು ಮುದ್ರೆ. ಎರಡರ ನಡುವಿನ ಹೊತ್ತೇ ಅದರ ಆಯುಷ್ಯ. ನಮ್ಮಲ್ಲಿ ಇದನ್ನೂ ಹಾಕಿ ನೋಡಿದೆವು. ಹಳೇ ಸಾಲು ಇದ್ದಾಗ ನಲವತ್ತೆಂಟು ಮಕ್ಕಳಲ್ಲಿ ಪ್ರತಿಯೊಂದೂ ಐದು ಸೆಕೆಂಡಿಗಿಂತ ಹೆಚ್ಚು ಬದುಕುತ್ತಿತ್ತು. ಸಾಲು ತೆಗೆದ ಮೇಲೆ ಯಾವುದೂ ಒಂದು ಸೆಕೆಂಡು ದಾಟಲಿಲ್ಲ.

ವಿಂಡೋಸ್ ಇರುವವರಿಗೆ ಮೈಕ್ರೋಸಾಫ್ಟಿನ ಪ್ರೋಸೆಸ್ ಮಾನಿಟರ್ ಪುಕ್ಕಟೆ ಸಿಗುತ್ತದೆ. ಯಾವ ಪ್ರೋಗ್ರಾಮು ಯಾವ ಫೈಲಿಗಾಗಿ ಎಷ್ಟು ಹೊತ್ತು ಕಾದಿತು ಅಂತ ಅದರಲ್ಲೂ ನೋಡಬಹುದು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ಅದನ್ನು ಅಳೆಯುವ ಪರ್ಫೆಟೊ ಎಂಬ ಉಪಕರಣ ಒಳಗೆ ಬಳಸುವುದೂ ಎಫ್‌ಟ್ರೇಸನ್ನೇ. ದುಡ್ಡಿಲ್ಲ ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ.

ಕೇಳುವುದನ್ನು ಕಲಿಯಿರಿ

ಇದೆಲ್ಲ ಯಾಕೆ ಈ ಪತ್ರಿಕೆಯಲ್ಲಿ ಅನ್ನುತ್ತೀರಾ? ನನ್ನ ಪ್ರೆಸ್ಸಿನಲ್ಲಿ ಆದದ್ದು ಬೇರೆ ಕಡೆಯೂ ಆಗುತ್ತದೆ. "ಕನ್ನಡ ಹಾಕಿದರೆ ಆಪ್ ಸ್ಲೋ ಆಗುತ್ತೆ", "ಕನ್ನಡದಲ್ಲಿ ರಸೀದಿ ಕೊಟ್ಟರೆ ಕ್ಯೂ ಉದ್ದ ಆಗುತ್ತೆ" ಅನ್ನುವ ಮಾತು ನೀವೂ ಕೇಳಿರುತ್ತೀರಿ. ಮೊದಲು ನಾವು ಏನು ಮಾಡುತ್ತಿದ್ದೆವು? ಘೋಷಣೆ ಕೂಗುತ್ತಿದ್ದೆವು. ಕೂಗಬೇಕು, ಬೇಡ ಅನ್ನುವವನು ನಾನಲ್ಲ. ಆದರೆ ಬೋರ್ಡಿನ ಮುಂದೆ ಕೂಗಿದ ಹಾಗೆ ಕಂಪ್ಯೂಟರಿನ ಮುಂದೆ ಕೂಗಿದರೆ ಅದಕ್ಕೆ ಕಿವಿ ಇಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ.

ರಿಯಲ್ ಎಷ್ಟು, ಯೂಸರ್ ಎಷ್ಟು, ಸಿಸ್ ಎಷ್ಟು? ಎಷ್ಟು ಸಲ ಓಡಿಸಿ ನೋಡಿದಿರಿ? ಅಷ್ಟೇ ಕೆಲಸವನ್ನು ಇಂಗ್ಲಿಷಿನಲ್ಲಿ ಅದೇ ಯಂತ್ರದಲ್ಲಿ ಓಡಿಸಿದರೆ ಎಷ್ಟು? ಕಾದದ್ದು ಎಷ್ಟು, ಯಾರಿಗಾಗಿ?

ಈ ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿ. ಎದುರಿಗಿರುವವನು ಅಳೆದಿದ್ದರೆ ಉತ್ತರ ಕೊಡುತ್ತಾನೆ. ಅಳೆದಿಲ್ಲದಿದ್ದರೆ ಅವನ ಮುಖವೇ ಹೇಳುತ್ತದೆ.

ಒಂದು ಮಾತು ನಮ್ಮವರಿಗೂ. ಅಳತೆ ನಮ್ಮ ವಿರುದ್ಧ ಬಂದರೆ ಅದನ್ನೂ ಒಪ್ಪಬೇಕು. ನಿಜವಾಗಿ ಕನ್ನಡದ ಫಾಂಟೇ ಕೆಟ್ಟದಾಗಿ ಕಟ್ಟಿದ್ದಾಗಿರಬಹುದು. ಲಿನಕ್ಸಿನಲ್ಲಿ ಫಾಂಟುಗಳ ಪಟ್ಟಿ ಬರೆದಿಟ್ಟುಕೊಳ್ಳಲು ಜಾಗದ ಅನುಮತಿ ಇಲ್ಲದೆ ಪ್ರೋಗ್ರಾಮು ಪ್ರತಿ ಸಲವೂ ಎಲ್ಲ ಫಾಂಟು ತೆರೆದು ನೋಡುತ್ತಿರಬಹುದು. ಆಗ ಟ್ರೇಸಿನಲ್ಲಿ ಫಾಂಟು ತೆರೆದ ಸಾಲುಗಳು ನೂರಾರು ಕಾಣುತ್ತವೆ. ಹಾಗಿದ್ದರೆ ಫಾಂಟು ತಿದ್ದಿ, ಅನುಮತಿ ಕೊಡಿ. ಕಾಯಿಲೆ ಎಲ್ಲಿದೆಯೋ ಅಲ್ಲಿಗೆ ಔಷಧ. ನಮ್ಮ ಭಾಷೆಯ ಮೇಲಿನ ಅಭಿಮಾನ ನಮ್ಮ ಕಣ್ಣಿಗೆ ಪಟ್ಟಿ ಆಗಬಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಂಪನಿಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರೇ, ನಿಮಗೆ ಈ ವಿದ್ಯೆ ದಿನಬಳಕೆಯದು. ನನ್ನಂಥವನಿಗೆ ಇದು ಗೊತ್ತಾಗಲು ಒಂದು ಶನಿವಾರ, ಒಬ್ಬ ಹುಡುಗ, ಎರಡು ಲೋಟ ಕಾಫಿ ಸಾಕಾಯಿತು. ಈ ಉಪಕರಣಗಳ ಕೈಪಿಡಿ ನನ್ನ ಕೈಗೆ ಸಿಕ್ಕದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯಿರಿ. ಎಂಟು ಪುಟ ಸಾಕು. ಅಚ್ಚು ಹಾಕುವ ಖರ್ಚು ನನ್ನದು. ಯೂನಿಕೋಡಿನಲ್ಲೇ ಕಳಿಸಿ, ನಮ್ಮ ಪೆಟ್ಟಿಗೆಯಲ್ಲಿ ಏಳು ಸೆಕೆಂಡೂ ಹಿಡಿಯುವುದಿಲ್ಲ.

ಆ ಸ್ಮರಣ ಸಂಚಿಕೆ ಏನಾಯಿತು? ಕಾರ್ಯದರ್ಶಿಗೆ ಫೋನ್ ಮಾಡಿ, "ತಪ್ಪು ನಮ್ಮ ವೈರಿಂದು ಸಾರ್, ಕನ್ನಡದ್ದಲ್ಲ" ಅಂದೆ. 48 ಪುಟ ಕನ್ನಡದಲ್ಲೇ ಅಚ್ಚಾಯಿತು, ನವೆಂಬರ್ 1ಕ್ಕೆ ಮುಂಚೆಯೇ.

ಡಿಟಿಪಿ ಹುಡುಗಿಯ ಹತ್ತಿರ ಸೋಮವಾರ ಬೆಳಗ್ಗೆ ಎಲ್ಲರೆದುರಿಗೇ ಕ್ಷಮೆ ಕೇಳಿದೆ. "ನೀನು ಕಾಯ್ತಾ ಇದೀನಿ ಅಂದದ್ದು ನಿಜ ಕಣಮ್ಮಾ, ಮಿಷನ್ನೇ ಸಾಕ್ಷಿ ಹೇಳಿತು" ಅಂದೆ. ಅವಳು ಕೆಲಸ ಬಿಡಲಿಲ್ಲ. ಈಗ ಯಾವುದಾದರೂ ನಿಧಾನವಾದರೆ ನನ್ನನ್ನು ಕರೆಯುವುದಿಲ್ಲ. ತಾನೇ 'ಟೈಮ್' ಹಾಕಿ ಮೂರು ಲೆಕ್ಕ ಚೀಟಿಯಲ್ಲಿ ಬರೆದು ನನ್ನ ಮೇಜಿನ ಮೇಲೆ ಇಡುತ್ತಾಳೆ. ಅದನ್ನು ಓದುವವರೆಗೆ ನಾನು ಬಾಯಿ ಬಿಡುವ ಹಾಗಿಲ್ಲ ಅನ್ನುವುದು ಈಗ ನಮ್ಮ ಪ್ರೆಸ್ಸಿನ ಕಾನೂನು.